ಗುಡ್ಡ ಜರಿದ ಊರಿನ ಮಕ್ಕಳಿಂದ ಅವರ ಟೀಚರನ್ನು ದೂರ ಮಾಡಬೇಡಿ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಇಲಾಖೆಯ ಮಾನ್ಯ ಆಯುಕ್ತರಿಗೆ,

ಕೊಡಗಿನ ಮಡಿಕೇರಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತಳಾದ ಶಿಕ್ಷಕಿಯ ಗೌರವಪೂರ್ವಕ ನಮಸ್ಕಾರಗಳು.

ಈ ಪತ್ರವನ್ನು ಮಳೆಗಾಲಕ್ಕೆ ಮೊದಲೇ ಬರೆಯುತ್ತಿದ್ದೇನೆ. ಗುಡ್ಡ ಜರಿದ ಮೇಲೆ, ಹೊಳೆ ಉಕ್ಕಿ ಮನೆಯೊಳಗೆ ನುಗ್ಗಿದ ಮೇಲೆ, ಮಕ್ಕಳ ಮನಸ್ಸಿಗೆ ಆದ ಆಘಾತದ ಬಗ್ಗೆ ಎಲ್ಲರೂ ಕಳಕಳಿಯಿಂದ ಮಾತನಾಡುತ್ತಾರೆ. ಆದರೆ ಯಾವ ಮಗು ಯಾವ ಶಾಲೆಗೆ ಹೋಗಬೇಕು, ಯಾವ ಶಿಕ್ಷಕರು ಯಾವ ಕೆಲಸಕ್ಕೆ ಹೋಗಬೇಕು ಎಂಬುದು ಆ ಗಡಿಬಿಡಿಯಲ್ಲಿ ಮಕ್ಕಳ ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೇ ತೀರ್ಮಾನವಾಗಿರುತ್ತದೆ. ನೊಂದ ಮಗುವಿಗೆ ಶಾಲೆ ಕೊಡಬಹುದಾದ ದೊಡ್ಡ ಆಸರೆಯೆಂದರೆ ದಿನವೂ ಕಾಣುವ ಪರಿಚಿತ ಮುಖ, ತನ್ನ ಹೆಸರು ಹಿಡಿದು ಕರೆಯುವ ತನ್ನ ಟೀಚರ್ ಎಂದು ನಾನು ನಂಬಿದ್ದೇನೆ. ಅದನ್ನು ಉಳಿಸಿಕೊಡಿ ಎಂದು ಕೇಳುವುದೇ ಈ ಪತ್ರದ ಉದ್ದೇಶ.

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ ಭಾಗದ ಗುಡ್ಡಗಳು ಜರಿದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೇ ಕಡಿದುಹೋಯಿತು. ತೋಟ ಯಾವುದು, ಗದ್ದೆ ಯಾವುದು, ಕೊಟ್ಟಿಗೆ ಇದ್ದದ್ದೆಲ್ಲಿ ಎಂದು ಗುರುತು ಹಿಡಿಯಲಾಗದ ಹಾಗೆ ಕೆಂಪು ಮಣ್ಣು ಹರಡಿತ್ತು. ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ಕಕ್ಕಡ ಮಾಸದ, ಅಂದರೆ ಆಟಿ ತಿಂಗಳ, ಮಳೆ ಎಂದರೆ ಹಬ್ಬವಿದ್ದಂತೆ: ಕಣಿಲೆ (ಎಳೆ ಬಿದಿರು) ಕೀಳುವುದು, ಗದ್ದೆಯಲ್ಲಿ ಏಡಿ ಹಿಡಿಯುವುದು, ಮಳೆ ರಜೆ ಘೋಷಣೆಯಾಯಿತೇ ಎಂದು ಬೆಳಿಗ್ಗೆ ಎದ್ದು ಕೇಳುವುದು. ಆ ವರ್ಷದ ನಂತರ ಅದೇ ಮಕ್ಕಳು ಹೆಂಚಿನ ಮೇಲೆ ಮಳೆಯ ಸದ್ದು ಜೋರಾದರೆ ಬರೆಯುವುದನ್ನು ನಿಲ್ಲಿಸಿ ಸೂರನ್ನೇ ನೋಡುತ್ತಿದ್ದರು.

ಶಾಲೆ ಮತ್ತೆ ತೆರೆದಾಗ ನನ್ನ ಐದನೆಯ ತರಗತಿಯ ಹುಡುಗಿಯೊಬ್ಬಳು ಚಪ್ಪಲಿ ಕಳಚದೆ ಒಳಗೆ ಬಂದು ಕುಳಿತಳು. ಚಪ್ಪಲಿಯನ್ನು ಜಗಲಿಯಲ್ಲಿ ಸಾಲಾಗಿ ಬಿಟ್ಟು ತರಗತಿಗೆ ಬರುವುದು ನಮ್ಮಲ್ಲಿ ರೂಢಿ. ಮೊದಲ ದಿನ ಹೇಳಿದೆ, ಎರಡನೆಯ ದಿನವೂ ಹೇಳಿದೆ, ಮೂರನೆಯ ದಿನ ಎಲ್ಲರ ಮುಂದೆ ಗದರಿದೆ. ಅವಳು ಅಳಲಿಲ್ಲ, ಎದುರು ಮಾತನಾಡಲೂ ಇಲ್ಲ. ಬೆಂಚಿನ ಕೆಳಗೆ ಕಾಲುಗಳನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡಳು. ವಾರ ಕಳೆದ ಮೇಲೆ ಬಿಸಿಯೂಟದ ತಟ್ಟೆ ತೊಳೆಯುವ ಜಾಗದಲ್ಲಿ ಮೆಲ್ಲಗೆ ಕೇಳಿದಾಗ, "ಓಡ್ಬೇಕಾಗಿ ಬಂದ್ರೆ ಬೇಕಲ್ಲ ಟೀಚರ್" ಎಂದಳು. ಆ ರಾತ್ರಿ ಅವಳ ಮನೆಯವರು ಕತ್ತಲೆಯಲ್ಲಿ, ಕೆಸರು ಮತ್ತು ಕಲ್ಲುಗಳ ನಡುವೆ, ಬರಿಗಾಲಿನಲ್ಲಿ ತೋಟದ ದಾರಿ ಹಿಡಿದು ಬಂದಿದ್ದರು. ಚಪ್ಪಲಿ ಹುಡುಕುವಷ್ಟು ಹೊತ್ತು ಅವರಿಗೆ ಸಿಕ್ಕಿರಲಿಲ್ಲ.

ಆ ಮೂರನೆಯ ದಿನದ ಗದರಿಕೆಯನ್ನು ನಾನು ಇಂದಿಗೂ ಮರೆತಿಲ್ಲ. ನಾನು ಕೆಟ್ಟ ಶಿಕ್ಷಕಿಯಾಗಿರಲಿಲ್ಲ, ಮಕ್ಕಳನ್ನು ಪ್ರೀತಿಸುತ್ತಿದ್ದೆ. ಆದರೂ ನನ್ನ ಕಣ್ಣಿಗೆ ಕಂಡದ್ದು ಶಿಸ್ತು ಮೀರಿದ ಹುಡುಗಿ ಮಾತ್ರ. ಆಘಾತಕ್ಕೆ ಒಳಗಾದ ಮಗು ಅಳುತ್ತಾ ಬಂದು ತೋಡಿಕೊಳ್ಳುತ್ತದೆ ಎಂದು ನಾವು ತಿಳಿದಿರುತ್ತೇವೆ. ಶಾಲೆಯಲ್ಲಿ ಅದು ಕಾಣಿಸುವುದು ಬೇರೆ ಬೇರೆ ರೂಪದಲ್ಲಿ. ರಾತ್ರಿ ನಿದ್ದೆ ಬರದ ಹುಡುಗ ಹಗಲಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದರೆ ಅವನು ಸೋಮಾರಿ ಎನಿಸಿಕೊಳ್ಳುತ್ತಾನೆ. ಹಿಂದಿನಿಂದ ಯಾರಾದರೂ ಮುಟ್ಟಿದರೆ ತಿರುಗಿ ಹೊಡೆಯುವವನು ಪುಂಡನಾಗುತ್ತಾನೆ. ಮೋಡ ಕವಿದ ಮಧ್ಯಾಹ್ನಗಳಲ್ಲಿ ಮಾತ್ರ ಹೊಟ್ಟೆನೋವು ಎನ್ನುವವಳು ನಾಟಕ ಮಾಡುತ್ತಾಳೆ ಎಂದಾಗುತ್ತದೆ. ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಅಮ್ಮನ ಸೆರಗು ಬಿಡದಿರುವುದು, ಚೆನ್ನಾಗಿ ಓದುತ್ತಿದ್ದ ಮಗು ಅಕ್ಷರ ಕೂಡಿಸಲು ತಡವರಿಸುವುದು, ಇವೆಲ್ಲವೂ ಅದರದೇ ಲಕ್ಷಣಗಳಾಗಿರಬಹುದು. ಜೀವಕ್ಕೆ ಅಪಾಯ ಬಂದಾಗ ದೇಹ ಎಚ್ಚೆತ್ತುಕೊಳ್ಳುತ್ತದೆ. ಅಪಾಯ ಕಳೆದ ಮೇಲೂ ಆ ಎಚ್ಚರ ಇಳಿಯದೆ ಉಳಿದರೆ, ಮಗುವಿನ ಕಿವಿಯೆಲ್ಲ ಹೊರಗಿನ ಸದ್ದಿನ ಮೇಲೆ ಇರುತ್ತದೆ, ಭಾಗಾಕಾರಕ್ಕೆ ಮನಸ್ಸಿನಲ್ಲಿ ಜಾಗ ಇರುವುದಿಲ್ಲ.

ಸಮಾಧಾನದ ಸಂಗತಿಯೂ ಇದೆ. ಸುರಕ್ಷಿತವಾದ ಜಾಗ, ದಿನಚರಿ, ತನ್ನನ್ನು ಬಲ್ಲ ಹಿರಿಯರು ಸಿಕ್ಕರೆ ಹೆಚ್ಚಿನ ಮಕ್ಕಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಜ್ಞರ ಚಿಕಿತ್ಸೆ ಬೇಕಾಗುವುದು ಕೆಲವರಿಗೆ. ಆ ಕೆಲವರನ್ನು ಗುರುತಿಸಬಲ್ಲವರು ಕೂಡ ಮಗು ಮೊದಲು ಹೇಗಿತ್ತು ಎಂದು ಬಲ್ಲವರೇ. ಮೊನ್ನೆ ಬಂದ ಶಿಕ್ಷಕರಿಗೆ ಮೌನವಾಗಿ ಕುಳಿತ ಹುಡುಗ ಸೌಮ್ಯ ಸ್ವಭಾವದವನಂತೆ ಕಾಣುತ್ತಾನೆ; ಅವನು ಜೂನ್ ತಿಂಗಳಲ್ಲಿ ಇಡೀ ತರಗತಿಯನ್ನು ನಗಿಸುತ್ತಿದ್ದ ಹುಡುಗ ಎಂಬುದು ಅವನ ಹಳೆಯ ಟೀಚರಿಗೆ ಮಾತ್ರ ಗೊತ್ತು.

ಹೀಗಿರುವಾಗ ನಮ್ಮ ವ್ಯವಸ್ಥೆ ಆ ಟೀಚರನ್ನು ಏನು ಮಾಡುತ್ತದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೆಯ ಸೆಕ್ಷನ್ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸಬಾರದು ಎನ್ನುತ್ತದೆ, ಮೂರು ವಿನಾಯಿತಿಗಳನ್ನೂ ಕೊಡುತ್ತದೆ: ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರ ಕಾರ್ಯ. ಗುಡ್ಡ ಜರಿದ ಊರಿನಲ್ಲಿ ಈ ಮೂರನೆಯ ವಿನಾಯಿತಿಯ ಪರಿಣಾಮವೇನೆಂದರೆ, ಮಕ್ಕಳಿಗೆ ತಮ್ಮ ಶಿಕ್ಷಕರು ಅತ್ಯಂತ ಅಗತ್ಯವಾಗಿರುವ ವಾರಗಳಲ್ಲೇ ಅವರು ಶಿಬಿರದ ಲೆಕ್ಕ, ಸಾಮಗ್ರಿ ವಿತರಣೆ, ಮನೆ ಹಾನಿಯ ಸಮೀಕ್ಷೆ ಎಂದು ಬೇರೆಡೆಗೆ ಹೋಗಿರುತ್ತಾರೆ. ನನಗೂ ಸಮೀಕ್ಷೆಯ ಕೆಲಸ ಬಂದಿತ್ತು. ಅದು ಬೇಡದ ಕೆಲಸವೆಂದು ನಾನು ಹೇಳುತ್ತಿಲ್ಲ. ಒಂದೊಂದು ಕುಟುಂಬದ ಪರಿಹಾರವೂ ಆ ಹಾಳೆಗಳನ್ನೇ ಅವಲಂಬಿಸಿತ್ತು. ಆದರೆ ನನ್ನ ಮಕ್ಕಳು ಒಂದು ಶಿಬಿರದ ಹಾಲ್‌ನಲ್ಲಿ ಚಾಪೆಯ ಮೇಲೆ ಕುಳಿತಿದ್ದಾಗ ನಾನು ಇನ್ನೊಂದು ದಿಕ್ಕಿನಲ್ಲಿ ಯಾರದೋ ಮನೆಯ ಗೋಡೆಯ ಬಿರುಕು ಅಳೆಯುತ್ತಿದ್ದೆ. ಅಷ್ಟು ಶಿಕ್ಷಕರು ಬೇಕೇ ಬೇಕೆಂದಾದರೆ, ಹಾನಿಗೊಳಗಾದ ಊರಿನ ಶಿಕ್ಷಕರಿಗೆ ತಮ್ಮ ಶಾಲೆಯ ಮಕ್ಕಳು ಇರುವ ಪರಿಹಾರ ಶಿಬಿರದಲ್ಲೇ (ಕಾಳಜಿ ಕೇಂದ್ರದಲ್ಲೇ) ಕೆಲಸ ಕೊಡಬಹುದಲ್ಲವೇ? ಬೆಳಿಗ್ಗೆ ಎರಡು ಗಂಟೆ ಮಕ್ಕಳನ್ನು ಕೂರಿಸಿಕೊಂಡು ಹಾಡು, ಆಟ, ಮಗ್ಗಿ ಎಂದು ನಡೆಸಿದರೆ ಅದೂ ಪರಿಹಾರ ಕಾರ್ಯವೇ ಎಂದು ಜಿಲ್ಲಾಡಳಿತಗಳಿಗೆ ಇಲಾಖೆ ತಿಳಿಸಬೇಕು.

ಎರಡನೆಯ ಬೇಡಿಕೆ ಮಕ್ಕಳು ಚದುರಿಹೋಗುವುದರ ಬಗ್ಗೆ. ಮನೆ ಕಳೆದುಕೊಂಡ ಕುಟುಂಬಗಳು ಮೊದಲು ಶಿಬಿರಕ್ಕೆ, ಅಲ್ಲಿಂದ ನೆಂಟರ ಮನೆಗೆ ಅಥವಾ ಬಾಡಿಗೆ ಮನೆಗೆ, ಕೊನೆಗೆ ಜಂಬೂರು, ಕರ್ಣಂಗೇರಿ, ಮದೆನಾಡಿನಂತಹ ಕಡೆ ಕಟ್ಟಿದ ಹೊಸ ಮನೆಗಳಿಗೆ ಹೋದವು. ಪ್ರತಿ ಹೆಜ್ಜೆಗೂ ಮಗುವಿಗೆ ಹೊಸ ಶಾಲೆ. ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 5ನೆಯ ಸೆಕ್ಷನ್ ಹೇಳುತ್ತದೆ, ಅದು ಒಳ್ಳೆಯದು. ಆದರೆ ಕಾಗದ ಸರಿಯಾದ ಮಾತ್ರಕ್ಕೆ ಮಗು ಸರಿಯಾಗುವುದಿಲ್ಲ. ಮನೆಯಲ್ಲಿ ಅರೆಭಾಷೆಯನ್ನೋ ಕೊಡವ ತಕ್ಕನ್ನೋ ಮಲಯಾಳವನ್ನೋ ಆಡುವ, ತೋಟದ ಕಾರ್ಮಿಕರ ಸಾಲುಮನೆಯಿಂದ (ಲೈನ್‌ಮನೆಯಿಂದ) ಬಂದ ಒಂದು ಮಗು, ತನ್ನ ಭಾಷೆ ಬಲ್ಲ ಇಬ್ಬರು ಗೆಳೆಯರೂ ಇಲ್ಲದ ತರಗತಿಯಲ್ಲಿ ಒಂಟಿಯಾಗಿ ಕುಳಿತು ಯಾರಿಗೆ ಏನು ಹೇಳೀತು?

ಇದಕ್ಕೆ ನೆರೆಯಲ್ಲೇ ಒಂದು ಮಾದರಿ ಇದೆ. 2024ರ ಜುಲೈ 30ರ ಮುಂಜಾವಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲ ಊರುಗಳು ಕೊಚ್ಚಿಹೋದವು. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ್ದ ಕುಟುಂಬಗಳೂ ಆ ದುರಂತಕ್ಕೆ ಸಿಲುಕಿದವು. ಮುಂಡಕ್ಕೈ ಮತ್ತು ವೆಳ್ಳಾರ್ಮಲದ ಸರ್ಕಾರಿ ಶಾಲೆಗಳು ಇದ್ದ ಜಾಗದಲ್ಲಿ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಕೇರಳ ಸರ್ಕಾರ ಆ ಮಕ್ಕಳನ್ನು ಸುತ್ತಲಿನ ಶಾಲೆಗಳಿಗೆ ಹಂಚಿಬಿಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 2ರಂದು ಎರಡೂ ಶಾಲೆಗಳನ್ನು ಹತ್ತಿರದ ಮೇಪ್ಪಾಡಿಯಲ್ಲಿ, ಅವುಗಳ ಹೆಸರಿನಲ್ಲಿಯೇ ಮತ್ತೆ ತೆರೆದು, ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಪ್ರವೇಶೋತ್ಸವ ನಡೆಸಿತು. ಕಟ್ಟಡ ಇನ್ನೊಬ್ಬರದಾದರೂ ಶಾಲೆ ತಮ್ಮದೇ ಆಗಿ ಉಳಿಯಿತು. ನಮ್ಮಲ್ಲಿ 2018ರಲ್ಲಿ ಕೊಡಗು, 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಊರುಗಳು, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು, ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಮುಂದಿನ ಸಲ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಳುಹಿಸದೆ, ತರಗತಿಯಾಗಿ, ಸಾಧ್ಯವಾದರೆ ಶಾಲೆಯಾಗಿ, ಅವರ ಶಿಕ್ಷಕರೊಡನೆ ಸ್ಥಳಾಂತರಿಸುವ ನಿಯಮವನ್ನು ಈಗಲೇ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನೋವಿನದು. ಮನೆ ಕಳೆದುಕೊಂಡವರು ಊರು ಬಿಟ್ಟಾಗ ಶಾಲೆಯ ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಮಕ್ಕಳು ಮತ್ತು ಶಿಕ್ಷಕರ ಅನುಪಾತದ ಲೆಕ್ಕದಲ್ಲಿ ಒಬ್ಬ ಶಿಕ್ಷಕರು 'ಹೆಚ್ಚುವರಿ' ಆಗುತ್ತಾರೆ, ಮರುಹೊಂದಾಣಿಕೆಯಲ್ಲಿ ಬೇರೆ ಶಾಲೆಗೆ ಹೋಗುತ್ತಾರೆ. ಅತಿಥಿ ಶಿಕ್ಷಕರ ಅವಧಿ ಶೈಕ್ಷಣಿಕ ವರ್ಷದ ಕೊನೆಗೆ ಮುಗಿಯುತ್ತದೆ. ಮರುವರ್ಷ ಅವರೇ ಬರುತ್ತಾರೆಂಬ ಭರವಸೆಯಿಲ್ಲ. ಸಾಮಾನ್ಯ ಕಾಲದಲ್ಲಿ ಈ ಲೆಕ್ಕ ನ್ಯಾಯವಾದದ್ದೇ. ಆದರೆ ವಿಪತ್ತಿನ ಮರುವರ್ಷ ಅದು ಮಾಡುವ ಗಾಯ ಬೇರೆ. ನನ್ನ ಚಪ್ಪಲಿಯ ಹುಡುಗಿ ಆ ವರ್ಷ ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಒಂದು ಸೋಮವಾರ ಯಾರೂ ಹೇಳದೆ ಚಪ್ಪಲಿಯನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಬಂದಳು. ನಾನೂ ನೋಡದವಳಂತೆ ಹಾಜರಿ ಕೂಗಿದೆ. ಮರುವರ್ಷ ನಾನು ಹೆಚ್ಚುವರಿ ಪಟ್ಟಿಯಲ್ಲಿದ್ದೆ. 2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಜರಿದ ಸುದ್ದಿ ಬಂದ ವಾರ ಅವಳು ಮತ್ತೆ ಶಾಲೆಗೆ ಬರುವುದನ್ನು ನಿಲ್ಲಿಸಿದ್ದಾಳೆಂದು ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ನಾನಿದ್ದಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಹೇಳುವಷ್ಟು ಅಹಂಕಾರ ನನಗಿಲ್ಲ. ಆದರೆ ಮಳೆಗೂ ಅವಳ ಗೈರುಹಾಜರಿಗೂ ಇರುವ ನಂಟು ತಿಳಿದವರು ಆ ಶಾಲೆಯಲ್ಲಿ ಒಬ್ಬರಾದರೂ ಇರಬೇಕಿತ್ತು.

ಆದ್ದರಿಂದ ವಿಪತ್ತುಪೀಡಿತವೆಂದು ಘೋಷಿತವಾದ ಊರುಗಳ ಶಾಲೆಗಳಿಗೆ, ಎರಡು ಶೈಕ್ಷಣಿಕ ವರ್ಷಗಳ ಮಟ್ಟಿಗೆ, ವಿಪತ್ತಿಗೆ ಮೊದಲಿದ್ದ ಮಕ್ಕಳ ಸಂಖ್ಯೆಯನ್ನೇ ಆಧಾರವಾಗಿ ಹಿಡಿಯಬೇಕು. ಆ ಅವಧಿಯಲ್ಲಿ ಅಲ್ಲಿನ ಶಿಕ್ಷಕರನ್ನು ಹೆಚ್ಚುವರಿ ಎಂದು ಗುರುತಿಸಬಾರದು, ಅತಿಥಿ ಶಿಕ್ಷಕರನ್ನು ಮುಂದುವರಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ.

ಇನ್ನು ಆಪ್ತ ಸಮಾಲೋಚನೆಯ ವಿಷಯ. ದುರಂತದ ಬೆನ್ನಿಗೆ ಹಲವರು ಒಳ್ಳೆಯ ಮನಸ್ಸಿನಿಂದ ಬರುತ್ತಾರೆ. ಒಂದು ದಿನ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ, ಏನಾಯಿತು ಹೇಳಿ ಎಂದು ಕೇಳಿ, ಬ್ಯಾಗು ಕೊಟ್ಟು, ಫೋಟೋ ತೆಗೆದು ಹೋಗುತ್ತಾರೆ. ನಾನು ಕಂಡ ಒಂದು ಕಾರ್ಯಕ್ರಮದಲ್ಲಿ 'ನಾನು ಕಂಡ ಭೂಕುಸಿತ' ಎಂದು ಪ್ರಬಂಧ ಸ್ಪರ್ಧೆಯನ್ನೇ ಇಟ್ಟಿದ್ದರು. ಬಹುಮಾನ ಬಂದ ಹುಡುಗ ವೇದಿಕೆಯ ಮೇಲೆ ತನ್ನ ಅಜ್ಜಿಯ ಸಾವನ್ನು ಗಟ್ಟಿಯಾಗಿ ಓದಿದ, ಜನ ಚಪ್ಪಾಳೆ ತಟ್ಟಿದರು. ಘಟನೆಯನ್ನು ಒತ್ತಾಯದಿಂದ ಹೇಳಿಸುವ ಒಂದು ದಿನದ ಇಂತಹ ಕಲಾಪವನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆನ್ನುತ್ತದೆ. 2011ರಲ್ಲಿ ಅದು ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರ ಮೂರು ಕೆಲಸಗಳಲ್ಲಿದೆ: ಗಮನಿಸುವುದು, ಆಲಿಸುವುದು, ನೆರವಿನೊಡನೆ ಜೋಡಿಸುವುದು. ಆಲಿಸುವುದೆಂದರೆ ಮಗು ತಾನಾಗಿ ಹೇಳಿದಾಗ ಕಿವಿಗೊಡುವುದು, ಹೇಳದಿದ್ದರೆ ಸುಮ್ಮನೆ ಜೊತೆಯಲ್ಲಿರುವುದು. ಅದನ್ನು ಒಂದು ಪ್ರಾಥಮಿಕ ಶಾಲೆಯ ಟೀಚರ್ ಖಂಡಿತ ಕಲಿಯಬಲ್ಲಳು.

ಕಲಿಸುವವರಿಗೆ ನಮ್ಮ ರಾಜ್ಯದಲ್ಲಿ ಕೊರತೆಯಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ಸಂತ್ರಸ್ತರ ನಡುವೆ ಕೆಲಸ ಮಾಡಿ, ಸ್ಥಳೀಯ ಕಾರ್ಯಕರ್ತರನ್ನೇ ತರಬೇತುಗೊಳಿಸಿದ ಅನುಭವ ಪಡೆದಿದೆ. ಅದಕ್ಕೂ ಮೊದಲು, 1980ರ ದಶಕದಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರು ಮತ್ತು ಸಿಬ್ಬಂದಿ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ನೋಡಿಕೊಳ್ಳಬಲ್ಲರು ಎಂಬುದನ್ನು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಆ ಪ್ರಯೋಗದಿಂದಲೇ. ಈಗ ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ, 14416, ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಇವೆಲ್ಲವೂ ಇದ್ದು, ಶಾಲೆಯ ಬಾಗಿಲಿಗೆ ಮಾತ್ರ ದಾರಿ ಪೂರ್ತಿಯಾಗಿಲ್ಲ. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ, ಮಗುವನ್ನು 'ಹುಚ್ಚಿನ ಡಾಕ್ಟರ' ಬಳಿ ಕರೆದೊಯ್ಯಲು ನಮ್ಮ ತಾಯಂದಿರು ಹಿಂಜರಿಯುತ್ತಾರೆ. ಅದೇ ತಂಡ ತಿಂಗಳಿಗೊಮ್ಮೆ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಗೆ ಬಂದು ಒಂದು ಗಂಟೆ ಶಿಕ್ಷಕರೊಡನೆ ಕುಳಿತರೆ ಸಾಕು. 'ನನ್ನ ತರಗತಿಯಲ್ಲಿ ಒಬ್ಬ ಹುಡುಗ ಹೀಗಿದ್ದಾನೆ, ಏನು ಮಾಡಲಿ' ಎಂದು ಹೆಸರು ಹೇಳದೆ ಕೇಳಲು ನಮಗೊಂದು ಜಾಗ ಸಿಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ ತರಬೇತಿ, ಆಮೇಲೆ ತಿಂಗಳು ತಿಂಗಳು ಈ ಕೂಟ, ಇಷ್ಟನ್ನೇ ನಾನು ಕೇಳುತ್ತಿರುವುದು.

ಗುಡ್ಡ ಜರಿಯದ, ಹೊಳೆ ಉಕ್ಕದ ಊರುಗಳಲ್ಲೂ ನೊಂದ ಮಕ್ಕಳಿದ್ದಾರೆ. ಕುಡಿದು ಬಂದು ಅಮ್ಮನನ್ನು ಹೊಡೆಯುವ ಅಪ್ಪನನ್ನು ರಾತ್ರಿಯೆಲ್ಲ ಕಂಡು ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವವರು, ಸಾಲಕ್ಕೆ ಅಂಜಿ ಜೀವ ಕಳೆದುಕೊಂಡ ರೈತನ ಮಕ್ಕಳು, ಕೋವಿಡ್‌ನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡವರು. ಆ ಅನಾಥ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ನೆರವನ್ನು ಪ್ರಕಟಿಸಿದ್ದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ವಿಷಯದಲ್ಲಿ ಶಿಕ್ಷಕರ ಹೊಣೆ ಇನ್ನೂ ಹೆಚ್ಚಿನದು: 2012ರ ಪೋಕ್ಸೋ ಕಾಯ್ದೆಯಂತೆ ತಿಳಿದದ್ದನ್ನು ವರದಿ ಮಾಡಲೇಬೇಕು, ಮಗುವಿನ ಗುರುತನ್ನು ಕಾಪಾಡಲೇಬೇಕು. ಈ ಎರಡನ್ನೂ ಮಗುವಿಗೆ ಮತ್ತೆ ನೋವಾಗದಂತೆ ಹೇಗೆ ಮಾಡುವುದು ಎಂದು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಕಾಯ್ದೆಯ ಹೆಸರನ್ನು ಗೋಡೆಯ ಮೇಲೆ ಬರೆಸಿದ್ದೆವು, ಅಷ್ಟೇ.

ಶಿಸ್ತಿನ ಬಗ್ಗೆಯೂ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕೋಲು ಬಹುಮಟ್ಟಿಗೆ ಹೋಗಿದೆ. ಎಲ್ಲರ ಮುಂದೆ ನಿಲ್ಲಿಸಿ ಗದರುವುದು, ಅಪ್ಪ ಅಮ್ಮನನ್ನು ಕರೆತಂದರೆ ಮಾತ್ರ ತರಗತಿಗೆ ಬಾ ಎನ್ನುವುದು ಹೋಗಿಲ್ಲ. ಅಪ್ಪ ಇಲ್ಲದ ಮಗುವಿಗೆ ಆ ಮಾತು ಏನು ಮಾಡುತ್ತದೆ ಎಂಬುದನ್ನು ಪ್ರತಿಯೊಬ್ಬ ಮುಖ್ಯ ಶಿಕ್ಷಕರೂ ಯೋಚಿಸುವಂತಾಗಬೇಕು. ಹಾಗೆಯೇ ಶೇ 75ರ ಹಾಜರಾತಿ ಇಲ್ಲವೆಂದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊಸ್ತಿಲಲ್ಲಿ ಮಗುವನ್ನು ತಡೆಯುವ ಮೊದಲು, ಅದು ಗೈರಾದ ದಿನಗಳು ಯಾವುವು, ಆ ದಿನಗಳಲ್ಲಿ ಅದರ ಮನೆಯಲ್ಲಿ ಏನು ನಡೆದಿತ್ತು ಎಂದು ಕೇಳಿ ದಾಖಲಿಸುವುದು ಕಡ್ಡಾಯವಾಗಲಿ.

ಶಿಕ್ಷಕರನ್ನೂ ಮರೆಯಬಾರದು. 2018ರಲ್ಲಿ ನನ್ನ ಜೊತೆಯವರೊಬ್ಬರು ತಮ್ಮ ಮನೆಯನ್ನೂ ತೋಟವನ್ನೂ ಕಳೆದುಕೊಂಡು, ಶಿಬಿರದಿಂದಲೇ ಶಾಲೆಗೆ ಬಂದು ಚಿಕ್ಕ ಮಕ್ಕಳ ನಲಿಕಲಿ ತರಗತಿ ನಡೆಸಿದರು. ಮಕ್ಕಳ ಕಣ್ಣು ತಪ್ಪಿಸಿ ಅಡುಗೆ ಕೋಣೆಯ ಹಿಂದೆ ನಿಂತು ಅತ್ತು ಬರುತ್ತಿದ್ದರು. ಅವರಿಗೆ ಪರಿಹಾರದ ಅರ್ಜಿ ಸಲ್ಲಿಸಲು ಹೋಗುವುದಕ್ಕೆ ಕೂಡ ಸಾಂದರ್ಭಿಕ ರಜೆಯನ್ನೇ ಹಾಕಬೇಕಾಯಿತು. ಹಾನಿಗೊಳಗಾದ ಶಿಕ್ಷಕರಿಗೆ ಕೆಲವು ದಿನಗಳ ವಿಶೇಷ ರಜೆ ಮತ್ತು ಅವರೂ ಮಾತನಾಡಿಕೊಳ್ಳಬಹುದಾದ ಒಂದು ವ್ಯವಸ್ಥೆ ಇರಬೇಕು.

ಕೊನೆಯದಾಗಿ ಒಂದು ಸಣ್ಣ ವಿಷಯ. ಶಾಲೆಗಳಲ್ಲಿ ವಿಪತ್ತಿನ ಅಣಕು ಅಭ್ಯಾಸ ಮಾಡಿಸುತ್ತೇವೆ. ಮುನ್ಸೂಚನೆಯಿಲ್ಲದೆ ಗಂಟೆ ಬಾರಿಸಿ ಮಕ್ಕಳನ್ನು ಓಡಿಸುವ ಅಭ್ಯಾಸವು, ನಿಜವಾಗಿ ಓಡಿ ಬದುಕಿದ ಮಗುವಿನಲ್ಲಿ ಆ ರಾತ್ರಿಯನ್ನೇ ಮತ್ತೆ ತರುತ್ತದೆ. ಹಿಂದಿನ ದಿನವೇ ಹೇಳಿ, ಯಾವ ದಾರಿಯಲ್ಲಿ ಹೋಗುತ್ತೇವೆ, ಎಲ್ಲಿ ಸೇರುತ್ತೇವೆ, ಯಾರು ಎಣಿಸುತ್ತಾರೆ, ಮನೆಯವರಿಗೆ ಯಾರು ಫೋನ್ ಮಾಡುತ್ತಾರೆ ಎಂದು ನಡೆದೇ ತೋರಿಸಿದರೆ ಅದೇ ಅಭ್ಯಾಸ ಮಗುವಿಗೆ ಧೈರ್ಯ ಕೊಡುತ್ತದೆ. ಮಳೆ ಜೋರಾದ ದಿನ ಜಗಲಿಯಲ್ಲಿ ನಿಂತು, 'ಇವತ್ತು ಹೊಳೆಯ ನೀರು ಇಷ್ಟಿದೆ, ನಮ್ಮ ಶಾಲೆಯ ಹಿಂದಿನ ಗುಡ್ಡದ ಬರೆ ಗಟ್ಟಿಯಾಗಿದೆ, ನಾನು ಬೆಳಿಗ್ಗೆ ನೋಡಿ ಬಂದಿದ್ದೇನೆ' ಎಂದು ಮಕ್ಕಳಿಗೆ ನಿಜ ಹೇಳುವ ರೂಢಿಯನ್ನು ನಾನು ಆ ಹುಡುಗಿಯ ನಂತರ ಮಾಡಿಕೊಂಡೆ. ಗಟ್ಟಿಯಿಲ್ಲದ ದಿನ ಅದನ್ನೂ ಹೇಳಿ ಬೇಗ ಮನೆಗೆ ಕಳುಹಿಸಿದ್ದುಂಟು.

ಹೆಚ್ಚುವರಿ ಶಿಕ್ಷಕರ ಪಟ್ಟಿ, ಅತಿಥಿ ಶಿಕ್ಷಕರ ನೇಮಕದ ಸುತ್ತೋಲೆ, ಮಳೆಗಾಲದ ಮುನ್ನೆಚ್ಚರಿಕೆಯ ಆದೇಶ, ಈ ಮೂರೂ ಕಾಗದಗಳು ಪ್ರತಿ ವರ್ಷ ತಮ್ಮ ಕಚೇರಿಯಿಂದ ಹೊರಡುತ್ತವೆ. ಮೇಲೆ ಕೋರಿದ ಸಾಲುಗಳನ್ನು ಅವುಗಳಲ್ಲಿ ಸೇರಿಸಲು ಸಾಧ್ಯವೇ ಎಂದು ತಿಳಿಸಿದರೆ, ಕೊಡಗಿನ ಶಿಕ್ಷಕರ ಅನುಭವಗಳನ್ನು ಒಟ್ಟುಮಾಡಿಕೊಂಡು ತಮ್ಮ ಮುಂದೆ ಬಂದು ಕುಳಿತುಕೊಳ್ಳಲು ನಾನು ಮತ್ತು ನನ್ನ ಹಳೆಯ ಸಹೋದ್ಯೋಗಿಗಳು ಸಿದ್ಧರಿದ್ದೇವೆ.

ಗೌರವಾದರಗಳೊಂದಿಗೆ,

ನಿವೃತ್ತ ಶಿಕ್ಷಕಿ,
ಮಡಿಕೇರಿ ತಾಲ್ಲೂಕು, ಕೊಡಗು ಜಿಲ್ಲೆ